ತಲೆಬರಹದ ಹಣೆಬರಹ

ಯಾವುದೇ ಗ್ರಂಥದಲ್ಲಿ ಎರಡು ಬಗೆಯ ಬರವಣಿಗೆಯಿರುತ್ತದೆ. ಒಂದು, ಗ್ರಂಥಕರ್ತನು ಹೇಳಬೇಕೆಂದಿರುವ ವಿಷಯ. ಇನ್ನೊಂದು, ಆ ವಿಷಯವು ಎಲ್ಲೆಲ್ಲಿ ಇದೆಯೆಂಬುದನ್ನು ಓದುವವನಿಗೆ ತಿಳಿಸುವ ಬರವಣಿಗೆ. ತಲೆಬರಹ, ಉಪಶೀರ್ಷಿಕೆ, ವಿಷಯಾನುಕ್ರಮಣಿಕೆ, ಪುಟಸಂಖ್ಯೆ ಇವೆಲ್ಲ ಎರಡನೆಯ ಬಗೆಗೆ ಸೇರಿದುವು. ಮೊದಲನೆಯದನ್ನು ಕುರಿತು ನಮ್ಮ ತರಗತಿಗಳಲ್ಲಿ ಬೇಕಾದಷ್ಟು ಚರ್ಚೆ ನಡೆಯುತ್ತದೆ. ಎರಡನೆಯದನ್ನು ಕುರಿತು ಮಾತನಾಡುವವರು ವಿರಳ. ಅದು ಟೈಪು ಮಾಡುವವರ ಕೆಲಸ, ಬೈಂಡಿಂಗು ಅಂಗಡಿಯವರ ಕೆಲಸ ಎಂದು ಬಿಟ್ಟುಬಿಡುವುದೇ ವಾಡಿಕೆ. ಈ ವಾಡಿಕೆ ಸರಿಯಲ್ಲವೆಂದೂ, ಕನ್ನಡದಲ್ಲಿ ಬರೆಯುವ ವಿದ್ಯಾರ್ಥಿಗಳಾದ ನಮಗೆ ಇದರಿಂದ ಆಗುತ್ತಿರುವ ನಷ್ಟ ಸಣ್ಣದಲ್ಲವೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಈಗ ಪದವಿ ತರಗತಿಗಳಲ್ಲಿ ಯೋಜನಾ ವರದಿ, ಕ್ಷೇತ್ರಕಾರ್ಯದ ವರದಿ, ಕಿರುಪ್ರಬಂಧ ಮುಂತಾದುವನ್ನು ಗಣಕಯಂತ್ರದಲ್ಲಿಯೇ ಸಿದ್ಧಪಡಿಸಿ ಒಪ್ಪಿಸುವುದು ರೂಢಿಯಾಗಿದೆ. ಬರವಣಿಗೆಗೆ ಬಳಸುವ ತಂತ್ರಾಂಶಗಳಲ್ಲಿ ಕಡತದ ರೂಪರೇಖೆಯನ್ನು ತೋರಿಸುವ ಒಂದು ಪಟ್ಟಿಯಿರುತ್ತದೆ. ಮೈಕ್ರೋಸಾಫ್ಟ್ ವರ್ಡಿನಲ್ಲಿ ಇದಕ್ಕೆ ನ್ಯಾವಿಗೇಷನ್ ಪೇನ್ ಎಂದು ಹೆಸರು. ಉಚಿತವಾಗಿ ದೊರೆಯುವ ಲಿಬ್ರೆ ಆಫೀಸಿನಲ್ಲಿ ನ್ಯಾವಿಗೇಟರ್ ಎಂದು ಹೆಸರು. ಎಫ್ ೫ ಕೀಲಿಯನ್ನೊತ್ತಿದರೆ ಅದು ತೆರೆದುಕೊಳ್ಳುತ್ತದೆ. ಗೂಗಲ್ ಡಾಕ್ಸಿನಲ್ಲಿ ಔಟ್‌ಲೈನ್ ಎನ್ನುತ್ತಾರೆ. ಅಧ್ಯಾಯಗಳ ಹೆಸರುಗಳು ಪುಟದ ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಸಾಲಾಗಿ ನಿಂತಿರುತ್ತವೆ. ಉಪಶೀರ್ಷಿಕೆಗಳು ಅವುಗಳ ಅಡಿಯಲ್ಲಿ ಸ್ವಲ್ಪ ಒಳಕ್ಕೆ ಸರಿದು ಕುಳಿತಿರುತ್ತವೆ. ಬೇಕಾದ ಹೆಸರನ್ನು ಮುಟ್ಟಿದರೆ ಆ ಭಾಗವೇ ಕಣ್ಣೆದುರಿಗೆ ಬರುತ್ತದೆ. ನೂರು ಪುಟದ ವರದಿಯಲ್ಲಿ ಹುಡುಕಾಡುವ ಶ್ರಮ ತಪ್ಪುತ್ತದೆ.

ಆದರೆ ನಮ್ಮ ಕನ್ನಡ ವರದಿಗಳಲ್ಲಿ ಕೆಲವನ್ನು ತೆರೆದು ನೋಡಿ. ಬಹುಪಾಲಿನಲ್ಲಿ ಈ ಪಟ್ಟಿ ಬರಿದಾಗಿರುತ್ತದೆ. ಪುಟದ ಮೇಲೆ ನೋಡಿದರೆ ‘ಅಧ್ಯಾಯ ೧’ ಎಂದು ದಪ್ಪಕ್ಷರದಲ್ಲಿ, ನಡುವಿನಲ್ಲಿ, ಕೆಳಗೆ ಗೆರೆ ಎಳೆದು, ಕೆಲವು ವೇಳೆ ಬಣ್ಣವನ್ನೂ ಹಚ್ಚಿ ಅಚ್ಚುಕಟ್ಟಾಗಿ ಬರೆದಿರುತ್ತದೆ. ಹಾಗಾದರೆ ಯಂತ್ರವು ಅದನ್ನು ಏಕೆ ಗುರುತಿಸಲಿಲ್ಲ? ಇದಕ್ಕೆ ಉತ್ತರ ಸರಳವಾಗಿದೆ. ನಾವು ಮನುಷ್ಯನ ಕಣ್ಣಿಗೆ ಕಾಣುವ ಹಾಗೆ ಬರೆದೆವೇ ಹೊರತು, ಇದು ತಲೆಬರಹವೆಂದು ಯಂತ್ರಕ್ಕೆ ಹೇಳಲೇ ಇಲ್ಲ.

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲಿನಲ್ಲಿ ಓಡಾಡುವವರಿಗೆ ಈ ಮಾತು ಸುಲಭವಾಗಿ ತಿಳಿಯುತ್ತದೆ. ಹಳಿಯ ಪಕ್ಕದ ಯಾವುದೋ ಹೊಲದಲ್ಲಿ ನಾವೊಂದು ಹಳದಿ ಹಲಗೆಯನ್ನು ನೆಟ್ಟು ಅದರ ಮೇಲೆ ಊರಿನ ಹೆಸರನ್ನು ಎಷ್ಟು ದಪ್ಪಕ್ಷರದಲ್ಲಿ ಬರೆದರೂ ರೈಲು ಅಲ್ಲಿ ನಿಲ್ಲುವುದಿಲ್ಲ. ಕೋರಮಂಡಲ್, ಊರಿಗಾಂ, ಚಾಂಪಿಯನ್‌ಗಳಲ್ಲಿ ನಿಲ್ಲುವುದು ಹಲಗೆಯ ಅಂದಕ್ಕೆ ಮೆಚ್ಚಿ ಅಲ್ಲ. ಅವು ನಿಲ್ದಾಣಗಳೆಂದು ವೇಳಾಪಟ್ಟಿಯಲ್ಲಿ ನಮೂದಾಗಿರುವುದರಿಂದ. ಹಲಗೆ ಪ್ರಯಾಣಿಕರಿಗೆ, ನಮೂದು ರೈಲಿಗೆ. ದಪ್ಪಕ್ಷರವು ಹಲಗೆಯಿದ್ದಂತೆ. ನಮೂದು ಎಂಬುದು ಬೇರೆಯೇ ಇದೆ. ಅದನ್ನು ತಂತ್ರಾಂಶಗಳಲ್ಲಿ ಶೈಲಿಯೆಂದೂ ಔಟ್‌ಲೈನ್ ಮಟ್ಟವೆಂದೂ ಕರೆಯುತ್ತಾರೆ. ಒಂದು ಸಾಲಿಗೆ ಈ ಮಟ್ಟವನ್ನು ಕೊಟ್ಟರೆ ಅದು ಪಟ್ಟಿಗೆ ಸೇರುತ್ತದೆ. ಕೊಡದಿದ್ದರೆ ಎಷ್ಟು ಸಿಂಗಾರ ಮಾಡಿದರೂ ಅದು ಸಾಮಾನ್ಯ ಸಾಲಾಗಿಯೇ ಉಳಿಯುತ್ತದೆ.

ಇದರಿಂದ ಆಗುವ ತೊಂದರೆಯೇನು ಎಂದು ಕೇಳಬಹುದು. ಒಂದು ಉದಾಹರಣೆಯಿಂದ ವಿಷಯವನ್ನು ಸ್ಪಷ್ಟಪಡಿಸಬಹುದು. ನಮ್ಮ ಚಿನ್ನದ ಗಣಿಗಳ ಇತಿಹಾಸವನ್ನು ಕುರಿತು ವಿದ್ಯಾರ್ಥಿಯೊಬ್ಬನು ವರದಿ ಬರೆಯುತ್ತಾನೆಂದು ಇಟ್ಟುಕೊಳ್ಳಿ. ಮೊದಲನೆಯ ಅಧ್ಯಾಯದಲ್ಲಿ ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿಗೆ ಬಂದುದು. ಎರಡನೆಯದರಲ್ಲಿ ೧೯೦೨ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ತು ಬಂದುದು. ಮೂರನೆಯದರಲ್ಲಿ ೧೯೫೬ರಲ್ಲಿ ಮೈಸೂರು ಸರ್ಕಾರವು ಗಣಿಗಳನ್ನು ವಹಿಸಿಕೊಂಡುದು, ೧೯೬೨ರಲ್ಲಿ ಅವು ಕೇಂದ್ರ ಸರ್ಕಾರದ ಕೈಗೆ ಹೋದುದು, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯಾದುದು. ನಾಲ್ಕನೆಯದರಲ್ಲಿ ೨೦೦೧ನೆಯ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದುದು. ಐದನೆಯದರಲ್ಲಿ, ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ವಿಜ್ಞಾನಿಗಳು ೧೯೬೫ರಲ್ಲಿ ವಾಯುಮಂಡಲದ ನ್ಯೂಟ್ರಿನೋಗಳನ್ನು ಪತ್ತೆ ಮಾಡಿದುದು. ವರದಿಯನ್ನು ನೋಡಿದ ಅಧ್ಯಾಪಕರು, “ಐದನೆಯ ಅಧ್ಯಾಯವನ್ನು ನಾಲ್ಕನೆಯದಕ್ಕಿಂತ ಮುಂಚೆ ಇಡಪ್ಪ, ಕಾಲಾನುಕ್ರಮ ಸರಿಯಾಗುತ್ತದೆ” ಎಂದು ಹೇಳುತ್ತಾರೆ. ಮಾತು ನ್ಯಾಯವಾದುದೇ.

ಈಗ ಅವನ ಪಾಡನ್ನು ನೋಡಿ. ಹತ್ತಿಪ್ಪತ್ತು ಪುಟಗಳನ್ನು ಕತ್ತರಿಸಿ ಬೇರೆಡೆಗೆ ಅಂಟಿಸಬೇಕು. ಐದು ಎಂದಿದ್ದುದನ್ನು ನಾಲ್ಕೆಂದೂ, ನಾಲ್ಕೆಂದಿದ್ದುದನ್ನು ಐದೆಂದೂ ತಿದ್ದಬೇಕು. ಉಪಶೀರ್ಷಿಕೆಗಳ ೫.೧, ೫.೨, ೫.೩ ಇವುಗಳನ್ನು ಒಂದೊಂದಾಗಿ ಬದಲಿಸಬೇಕು. ಕೈಯಿಂದ ಬರೆದ ಪರಿವಿಡಿಯಲ್ಲಿ ಪುಟಸಂಖ್ಯೆಗಳೆಲ್ಲ ತಪ್ಪಿರುತ್ತವೆ, ಅವನ್ನೂ ತಿದ್ದಬೇಕು. ಸಾಮಾನ್ಯವಾಗಿ ಇದರಲ್ಲಿ ಒಂದೆರಡು ಉಳಿದೇ ಹೋಗುತ್ತವೆ. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಪರಿವಿಡಿಯನ್ನು ನಂಬಿ ೪೨ನೆಯ ಪುಟವನ್ನು ತೆಗೆದರೆ ಅಲ್ಲಿ ಬೇರೆ ವಿಷಯವಿರುತ್ತದೆ. ಅದೇ ತಲೆಬರಹಗಳಿಗೆ ಮಟ್ಟವನ್ನು ಕೊಟ್ಟು ಸಂಖ್ಯೆಯನ್ನು ತಂತ್ರಾಂಶಕ್ಕೇ ಬಿಟ್ಟಿದ್ದರೆ? ಪಕ್ಕದ ಪಟ್ಟಿಯಲ್ಲಿ ಐದನೆಯ ಅಧ್ಯಾಯದ ಹೆಸರನ್ನು ಹಿಡಿದು ಮೇಲಕ್ಕೆಳೆದರೆ ಸಾಕು. ಅದರ ಉಪಶೀರ್ಷಿಕೆಗಳೂ ಒಕ್ಕಣೆಯೂ ತಾಯಿಯ ಹಿಂದೆ ಮಕ್ಕಳು ಬಂದಂತೆ ಬರುತ್ತವೆ. ಸಂಖ್ಯೆಗಳು ತಾವಾಗಿಯೇ ಸರಿಹೋಗುತ್ತವೆ. ಪರಿವಿಡಿಯನ್ನು ಒಮ್ಮೆ ನವೀಕರಿಸಿದರೆ ಪುಟಗಳೂ ಸರಿಹೋಗುತ್ತವೆ.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ತಂತ್ರಾಂಶದಲ್ಲಿ ‘ಹೆಡಿಂಗ್ ೧’, ‘ಹೆಡಿಂಗ್ ೨’ ಎಂಬ ಸಿದ್ಧಶೈಲಿಗಳು ಇದ್ದೇ ಇವೆಯಲ್ಲ, ಅವನ್ನು ಬಳಸಿದರೆ ಆಯಿತು, ನಮ್ಮದೇ ಆದ ತಲೆಬರಹಗಳ ಗೊಡವೆ ಏಕೆ ಎಂದು ಕೆಲವರು ಹೇಳಬಹುದು. ಅವಸರಕ್ಕೆ ಅದು ಸಾಕು. ಆದರೆ ಗ್ರಂಥವನ್ನು ವಿಂಗಡಿಸುವ ಕಲೆಯನ್ನು ಕನ್ನಡವು ನಿನ್ನೆ ಮೊನ್ನೆ ಕಲಿತುದಲ್ಲ. ಕವಿರಾಜಮಾರ್ಗದಲ್ಲಿ ಮೂರು ಪರಿಚ್ಛೇದಗಳಿವೆ. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಹದಿನಾಲ್ಕು ಆಶ್ವಾಸಗಳಿವೆ. ಕುಮಾರವ್ಯಾಸನು ಹತ್ತು ಪರ್ವಗಳನ್ನು ಹೇಳಿ, ಒಂದೊಂದು ಪರ್ವವನ್ನೂ ಸಂಧಿಗಳಾಗಿ ಒಡೆದನು. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಪರ್ವವಿಲ್ಲ, ಮೂವತ್ನಾಲ್ಕು ಸಂಧಿಗಳೇ ಇವೆ. ಕಾಂಡ, ಪ್ರಕರಣ, ಸ್ಥಲ ಎಂಬ ಬೇರೆ ವಿಭಾಗಗಳೂ ನಮ್ಮಲ್ಲಿವೆ. ಕನ್ನಡ ಎಂ.ಎ. ವಿದ್ಯಾರ್ಥಿಯು ಕುಮಾರವ್ಯಾಸನನ್ನು ಕಡತಕ್ಕೆ ಇಳಿಸುವಾಗ ‘ಪರ್ವ’ವೆಂಬ ಶೈಲಿಯೂ ‘ಸಂಧಿ’ಯೆಂಬ ಶೈಲಿಯೂ ಬೇಕೆಂದು ಬಯಸಿದರೆ ಅದು ಒಣ ಅಭಿಮಾನವಲ್ಲ, ವಿಷಯಕ್ಕೆ ತಕ್ಕ ಅಗತ್ಯ. ಬೇರೆ ಬೇರೆ ಗ್ರಂಥಗಳಲ್ಲಿ ವಿಭಾಗಗಳ ಹೆಸರೂ ಬೇರೆ, ಅವುಗಳ ಅಂತಸ್ತೂ ಬೇರೆ.

ಹೆಸರೂ ಅಂತಸ್ತೂ ಎರಡು ಬೇರೆ ಸಂಗತಿಗಳೆಂಬುದಕ್ಕೆ ನಮ್ಮ ತಾಲ್ಲೂಕೇ ಸಾಕ್ಷಿ. ೧೮೬೨ರಿಂದ ೧೮೭೦ರವರೆಗೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಿಂದ ಇದು ಬೌರಿಂಗ್‌ಪೇಟೆಯಾಗಿತ್ತು. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದಾಗ, ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ, ಪ್ರತಿಯೊಂದು ತಾಲ್ಲೂಕಿನೊಳಗೂ ಒಂದರಿಂದ ಆರಂಭಿಸಿ ಸಂಖ್ಯೆಯನ್ನು ಕೊಟ್ಟರು. ಈ ತಾಲ್ಲೂಕಿನ ಶಾಸನಗಳು ಅಲ್ಲಿ ಬೌರಿಂಗ್‌ಪೇಟೆಯೆಂಬ ತಲೆಬರಹದಡಿಯಲ್ಲಿವೆ. ಊರಿನ ಹೆಸರು ಬಂಗಾರಪೇಟೆಯಾಯಿತು. ಈಚೆಗೆ ಕೆ.ಜಿ.ಎಫ್. ಬೇರೆಯೇ ತಾಲ್ಲೂಕಾಗಿ, ಬೇತಮಂಗಲದಂತಹ ಊರುಗಳು ಅದರೊಳಕ್ಕೆ ಬಂದುವು. ೨೦೦೭ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಯಿತು. ಇಷ್ಟಾದರೂ ರೈಸ್ ಅವರ ತಾಲ್ಲೂಕು ಮತ್ತು ಸಂಖ್ಯೆಯನ್ನು ಹೇಳಿದರೆ ವಿದ್ವಾಂಸರು ಇಂದಿಗೂ ಆ ಶಾಸನವನ್ನು ತೆಗೆದು ತೋರಿಸುತ್ತಾರೆ. ತಲೆಬರಹದ ಹೆಸರು ಏನಾದರೂ ಇರಲಿ, ಅದಕ್ಕೊಂದು ಸ್ಥಾನವೂ ಅಂತಸ್ತೂ ಖಚಿತವಾಗಿ ಗೊತ್ತಾಗಿದ್ದರೆ ವ್ಯವಹಾರ ಕೆಡುವುದಿಲ್ಲ. ತಂತ್ರಾಂಶವೂ ನಮ್ಮಿಂದ ಕೇಳುವುದು ಇಷ್ಟನ್ನೇ. ಪರ್ವವೆಂದಾದರೂ ಕರೆಯಿರಿ, ಭಾಗವೆಂದಾದರೂ ಕರೆಯಿರಿ. ಅದು ಎಷ್ಟನೆಯ ಮಟ್ಟದ್ದೆಂಬುದನ್ನು ಮಾತ್ರ ಹೇಳಿ.

ಹೇಳುವ ಬಗೆ ಕಷ್ಟವಾದುದಲ್ಲ. ವರ್ಡಿನಲ್ಲಿ ‘ಅಧ್ಯಾಯ’ ಎಂಬ ಹೊಸ ಶೈಲಿಯೊಂದನ್ನು ಮಾಡಿ, ಅದಕ್ಕೆ ‘ಹೆಡಿಂಗ್ ೧’ನ್ನು ಆಧಾರವಾಗಿಟ್ಟರೆ ಒಂದನೆಯ ಮಟ್ಟವು ತಾನಾಗಿಯೇ ಬರುತ್ತದೆ. ಇಲ್ಲವಾದರೆ ಆ ಶೈಲಿಯ ಪ್ಯಾರಾಗ್ರಾಫ್ ವಿವರದೊಳಗೆ ಹೋಗಿ, ‘ಔಟ್‌ಲೈನ್ ಲೆವೆಲ್’ ಎಂಬಲ್ಲಿ ಒಂದರಿಂದ ಒಂಬತ್ತರವರೆಗೆ ಬೇಕಾದುದನ್ನು ಆರಿಸಬಹುದು. ಲಿಬ್ರೆ ಆಫೀಸಿನಲ್ಲಿ ಪ್ಯಾರಾಗ್ರಾಫ್ ಶೈಲಿಯ ‘ಔಟ್‌ಲೈನ್ ಅಂಡ್ ಲಿಸ್ಟ್’ ಎಂಬ ಪುಟದಲ್ಲಿ ಇದೇ ಸೌಕರ್ಯವಿದೆ. ಅಲ್ಲಿ ಹತ್ತು ಮಟ್ಟಗಳಿವೆ. ಸಂಖ್ಯೆಯ ಮುಂದೆ ‘ಅಧ್ಯಾಯ’ ಎಂಬ ಮಾತನ್ನು ಒಮ್ಮೆ ನಮೂದಿಸಿಬಿಟ್ಟರೆ ಪ್ರತಿ ಸಲವೂ ಟೈಪು ಮಾಡುವ ಅಗತ್ಯವಿಲ್ಲ. ಅರಿಕೆ, ಪೀಠಿಕೆ, ಉಪಸಂಹಾರ, ಅನುಬಂಧ ಇವುಗಳಿಗೆ ಸಂಖ್ಯೆಯಿಲ್ಲವೆಂಬ ಕಾರಣದಿಂದ ಹಲವರು ಇವನ್ನು ಪಟ್ಟಿಯಿಂದಲೇ ಬಿಟ್ಟುಬಿಡುತ್ತಾರೆ. ಇವಕ್ಕೂ ಸಂಖ್ಯೆಯಿಲ್ಲದ ಒಂದು ಶೈಲಿಯನ್ನು ಮಾಡಿ, ಅಧ್ಯಾಯದ ಮಟ್ಟವನ್ನೇ ಕೊಡತಕ್ಕುದು. ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ಅಂದಕ್ಕಾಗಿ ಅಧ್ಯಾಯದ ಹೆಸರನ್ನು ಚೌಕಟ್ಟಿನ ಪೆಟ್ಟಿಗೆಯೊಳಗೋ ಕೋಷ್ಟಕದೊಳಗೋ ಇಡುವ ಅಭ್ಯಾಸ ನಮ್ಮಲ್ಲಿ ಬಹಳ. ಹಾಗಿಟ್ಟ ತಲೆಬರಹವು, ಮಟ್ಟವನ್ನು ಕೊಟ್ಟಿದ್ದರೂ, ವರ್ಡಿನ ಪಕ್ಕದ ಪಟ್ಟಿಯಲ್ಲಿ ಕಾಣುವುದಿಲ್ಲ.

ಸಾದಾ ಪಠ್ಯವನ್ನು ತಿದ್ದುವ ತಂತ್ರಾಂಶಗಳ ಕ್ರಮ ಬೇರೆ. ಅಲ್ಲಿ ದಪ್ಪಕ್ಷರವೂ ಇಲ್ಲ, ಶೈಲಿಯೂ ಇಲ್ಲ. ಅಕ್ಷರಗಳು ಮಾತ್ರ ಇರುತ್ತವೆ. ಆದುದರಿಂದ ಸಾಲಿನ ಆರಂಭದಲ್ಲಿರುವ ಗುರುತನ್ನು ನೋಡಿ ತಂತ್ರಾಂಶವು ತಲೆಬರಹವನ್ನು ಕಂಡುಕೊಳ್ಳುತ್ತದೆ. ವಚನದ ಕೊನೆಯಲ್ಲಿ ಕೂಡಲಸಂಗಮದೇವನೆಂಬ ಅಂಕಿತವನ್ನು ಕಂಡೊಡನೆ ಇದು ಬಸವಣ್ಣನವರದೆಂದು ನಾವು ತಿಳಿಯುತ್ತೇವಷ್ಟೆ. ಇದೂ ಅಂತಹುದೇ ಒಂದು ಒಪ್ಪಂದ. ರಿಚರ್ಡ್ ಸ್ಟಾಲ್ಮನ್ ಅವರಿಂದ ಆರಂಭವಾದ ಇಮ್ಯಾಕ್ಸ್ ಎಂಬ ಹಳೆಯ, ಪ್ರಸಿದ್ಧ ತಂತ್ರಾಂಶವನ್ನು ತೆಗೆದುಕೊಳ್ಳಿ. ಅದರ ಔಟ್‌ಲೈನ್ ಕ್ರಮದಲ್ಲಿ ಸಾಲಿನ ಮೊದಲಿಗೆ ನಕ್ಷತ್ರ ಚಿಹ್ನೆಯಿದ್ದರೆ ಅದು ತಲೆಬರಹ. ನಕ್ಷತ್ರ ಒಂದಾದರೆ ಮೊದಲ ಮಟ್ಟ, ಎರಡಾದರೆ ಎರಡನೆಯ ಮಟ್ಟ. ಈ ಗುರುತನ್ನು ನಾವು ಬದಲಿಸಿಕೊಳ್ಳಬಹುದು. ನಕ್ಷತ್ರದ ಬದಲು ‘ಪರ್ವ’ ಅಥವಾ ‘ಸಂಧಿ’ ಎಂದು ಆರಂಭವಾಗುವ ಸಾಲನ್ನು ತಲೆಬರಹವೆಂದು ತಿಳಿಯೆಂದು ಹೇಳಿದರೆ ಅದು ಹಾಗೆಯೇ ತಿಳಿಯುತ್ತದೆ.

ಆದರೆ ಇಲ್ಲೊಂದು ತಮಾಷೆಯಿದೆ. ಗುರುತು ಎಷ್ಟು ಉದ್ದವಾಗಿದೆಯೆಂಬುದನ್ನು ಎಣಿಸಿ ಇಮ್ಯಾಕ್ಸ್ ಮಟ್ಟವನ್ನು ನಿರ್ಧರಿಸುತ್ತದೆ. ‘ಪರ್ವ’ವೆಂಬುದರಲ್ಲಿ ಪ, ರ, ವಿರಾಮ, ವ ಎಂದು ನಾಲ್ಕು ಸಂಕೇತಗಳು. ‘ಸಂಧಿ’ಯೆಂಬುದರಲ್ಲಿ ಸ, ಸೊನ್ನೆ, ಧ, ಗುಡಿಸು ಎಂದು ಅವೂ ನಾಲ್ಕೇ. ಹೀಗಾಗಿ ಇಡೀ ಪರ್ವವನ್ನೂ ಅದರೊಳಗಿನ ಒಂದು ಸಂಧಿಯನ್ನೂ ಯಂತ್ರವು ಒಂದೇ ಪಂಕ್ತಿಯಲ್ಲಿ ಕೂರಿಸಿಬಿಡುತ್ತದೆ! ಅಧ್ಯಾಯ, ಪ್ರಕರಣ ಎಂಬ ಮಾತುಗಳ ಗತಿಯೂ ಅಷ್ಟೆ. ಎರಡರಲ್ಲಿಯೂ ಆರಾರು ಸಂಕೇತಗಳು. ಗುರುತನ್ನು ಹೇಳಿಕೊಟ್ಟರೆ ಸಾಲದು, ಪರ್ವಕ್ಕೆ ಒಂದು, ಸಂಧಿಗೆ ಎರಡು ಎಂದು ಮಟ್ಟದ ಪಟ್ಟಿಯನ್ನೂ ಬೇರೆಯಾಗಿ ಬರೆದುಕೊಡಬೇಕು; ಅದಕ್ಕೆ ಅದರಲ್ಲಿ ಅವಕಾಶವಿದೆ. ಇದರ ತಾತ್ಪರ್ಯವಿಷ್ಟೆ: ಇಂಗ್ಲಿಷಿನವರ ಅಭ್ಯಾಸಕ್ಕೆ ಒಗ್ಗುವಂತೆ ಮಾಡಿದ ಏರ್ಪಾಡು ಕನ್ನಡಕ್ಕೆ ತಾನಾಗಿ ಒಗ್ಗುವುದಿಲ್ಲ, ನಾವು ಕೈಹಾಕಿ ಒಗ್ಗಿಸಿಕೊಳ್ಳಬೇಕು.

ಕನ್ನಡಕ್ಕೇ ವಿಶೇಷವಾದ ಅಡಚಣೆಗಳು ಇನ್ನೂ ಕೆಲವಿವೆ. ಅವುಗಳಲ್ಲಿ ದೊಡ್ಡದು ಹಳೆಯ ಅಕ್ಷರಶೈಲಿಗಳದು. ಕನ್ನಡ ಗಣಕ ಪರಿಷತ್ತಿನವರು ಸಿದ್ಧಪಡಿಸಿದ ನುಡಿ, ಶೇಷಾದ್ರಿವಾಸು ಅವರು ೧೯೯೮ರಲ್ಲಿ ಹೊರತಂದ ಬರಹ, ಇವು ಕನ್ನಡಕ್ಕೆ ಮಾಡಿರುವ ಉಪಕಾರವನ್ನು ಯಾರೂ ಮರೆಯುವಂತಿಲ್ಲ. ಆದರೆ ಆ ಕಾಲದ ಅಕ್ಷರಶೈಲಿಗಳಲ್ಲಿ ಕಡತದೊಳಗೆ ಸಂಗ್ರಹವಾಗುತ್ತಿದ್ದುದು ರೋಮನ್ ಲಿಪಿಯ ಸಂಕೇತಗಳು. ಅವುಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸಿರುತ್ತಿದ್ದರು. ಅಂತಹ ಕಡತದಲ್ಲಿ ತಲೆಬರಹಕ್ಕೆ ಮಟ್ಟವನ್ನು ಸರಿಯಾಗಿಯೇ ಕೊಟ್ಟರೂ, ಪಕ್ಕದ ಪಟ್ಟಿಯು ತನ್ನದೇ ಅಕ್ಷರಶೈಲಿಯನ್ನು ಬಳಸುವುದರಿಂದ, ಅಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಹೊದಿಕೆ ಸರಿದೊಡನೆ ಒಳಗಿನದು ಹೊರಬೀಳುತ್ತದೆ. ಯೂನಿಕೋಡಿನಲ್ಲಿ ಈ ತೊಂದರೆಯಿಲ್ಲ; ಅಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿವೆ. ನುಡಿ, ಬರಹಗಳ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಸೌಕರ್ಯವಿದೆ. ಬೆರಳಿಗೆ ಅಭ್ಯಾಸವಾಗಿರುವ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಬಿಡಬೇಕಾಗಿಯೂ ಇಲ್ಲ. ಇಷ್ಟಾಗಿಯೂ ಹಳೆಯ ಶೈಲಿಯಲ್ಲಿಯೇ ಟೈಪು ಮಾಡಿಸುವುದಕ್ಕೆ ರೂಢಿಯೊಂದನ್ನುಳಿದು ಬೇರೆ ಕಾರಣ ಕಾಣುವುದಿಲ್ಲ.

ಯೂನಿಕೋಡಿಗೆ ಬಂದ ಮೇಲೂ ಸೂಕ್ಷ್ಮವಾದ ಒಂದೆರಡು ವಿಷಯಗಳಿವೆ. ‘ಪೀಠಿಕೆ’ಯೆಂಬ ತಲೆಬರಹವನ್ನು ನೋಡಿ. ಪೀ ಎಂಬಲ್ಲಿರುವ ಈಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಗುಡಿಸು, ಅದರ ಮುಂದೆ ದೀರ್ಘ ಎಂದು ಎರಡು ಸಂಕೇತಗಳಾಗಿಯೂ ಬರೆಯಬಹುದು. ಎರಡೂ ಕಣ್ಣಿಗೆ ಒಂದೇ. ಆದರೆ ಸಂಕೇತಕ್ಕೆ ಸಂಕೇತವನ್ನು ಹೋಲಿಸಿ ನೋಡುವ ತಂತ್ರಾಂಶಕ್ಕೆ ಅವು ಎರಡು ಬೇರೆ ಮಾತುಗಳು. ಒಂದು ಬಗೆಯ ಪೀಠಿಕೆಯನ್ನು ಹೇಳಿಕೊಟ್ಟರೆ ಇನ್ನೊಂದು ಬಗೆಯದನ್ನು ಅದು ಕಾಣದೆ ಹೋಗುತ್ತದೆ. ಹಳೆಯ ಕಡತವನ್ನು ಪರಿವರ್ತಿಸಿದಾಗ ಇದನ್ನು ಗಮನಿಸತಕ್ಕುದು. ಅಂಕಿಗಳ ಕಥೆಯೂ ಹೀಗೆಯೇ. ‘ಅಧ್ಯಾಯ’ವೆಂಬುದರ ಮುಂದೆ ಯಾವುದಾದರೊಂದು ಅಂಕಿಯಿರುವ ಸಾಲನ್ನು ಹುಡುಕು ಎಂದರೆ, ಪೈಥಾನ್ ಭಾಷೆಯು ಕನ್ನಡದ ಅಂಕಿಯನ್ನೂ ಅಂಕಿಯೆಂದು ಒಪ್ಪುತ್ತದೆ, ಜಾವಾಸ್ಕ್ರಿಪ್ಟ್ ಒಪ್ಪುವುದಿಲ್ಲ. ಅದಕ್ಕೆ ಸೊನ್ನೆಯಿಂದ ಒಂಬತ್ತರವರೆಗಿನ ಕನ್ನಡದ ಅಂಕಿಗಳನ್ನು ಬಿಡಿಸಿ ಹೇಳಬೇಕು. ಇವೆಲ್ಲ ದೊಡ್ಡ ಕಷ್ಟಗಳಲ್ಲ. ತಿಳಿದಿದ್ದರೆ ಐದು ನಿಮಿಷದ ಕೆಲಸ, ತಿಳಿಯದಿದ್ದರೆ ಒಂದು ದಿನದ ತಲೆನೋವು.

ಇಷ್ಟು ಹೊತ್ತು ಸೌಕರ್ಯದ ಮಾತಾಯಿತು. ಆದರೆ ಈ ವಿಷಯವು ಕೇವಲ ಸೌಕರ್ಯಕ್ಕೆ ಸಂಬಂಧಿಸಿದುದಲ್ಲ, ನ್ಯಾಯಕ್ಕೂ ಸಂಬಂಧಿಸಿದುದು. ದೃಷ್ಟಿಯಿಲ್ಲದ ವಿದ್ಯಾರ್ಥಿಗಳು ಗಣಕಯಂತ್ರವನ್ನು ಬಳಸುವುದು ಕಿವಿಯಿಂದ. ತೆರೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶಗಳಿವೆ. ಆಸ್ಟ್ರೇಲಿಯದ ಮೈಕೇಲ್ ಕರನ್ ಎಂಬ ಅಂಧ ಯುವಕರು ೨೦೦೬ರಲ್ಲಿ ಆರಂಭಿಸಿದ ಎನ್.ವಿ.ಡಿ.ಎ. ಅಂತಹುದು, ಅದಕ್ಕೆ ಹಣ ಕೊಡಬೇಕಾಗಿಲ್ಲ, ಕನ್ನಡವನ್ನೂ ಅದು ಓದಬಲ್ಲುದು. ಕಣ್ಣಿರುವವರು ಪುಟದ ಮೇಲೆ ದೃಷ್ಟಿ ಹಾಯಿಸಿ ದಪ್ಪಕ್ಷರವನ್ನು ಹುಡುಕಿಕೊಳ್ಳುತ್ತಾರೆ. ಕಿವಿಯಿಂದ ಓದುವವರಿಗೆ ಆ ಉಪಾಯವಿಲ್ಲ. ಅವರು ಎಚ್ ಎಂಬ ಕೀಲಿಯನ್ನು ಒತ್ತಿ ಒಂದು ತಲೆಬರಹದಿಂದ ಮುಂದಿನ ತಲೆಬರಹಕ್ಕೆ ಹಾರುತ್ತಾರೆ. ತಲೆಬರಹವೆಂದು ನಮೂದಾಗಿರದಿದ್ದರೆ ಹಾರುವುದಕ್ಕೆ ತಾಣವೇ ಇರುವುದಿಲ್ಲ. ನಾಲ್ಕನೆಯ ಅಧ್ಯಾಯದ ಒಂದು ಸಂಗತಿ ಬೇಕಾದರೆ ಮೊದಲ ಪುಟದಿಂದ ಕೊನೆಯವರೆಗೆ ಕೇಳಿಸಿಕೊಳ್ಳುತ್ತ ಕೂರಬೇಕು. ಹಳೆಯ ಅಕ್ಷರಶೈಲಿಯ ಕಡತವಾದರಂತೂ ಕೇಳುವುದಕ್ಕೂ ಏನೂ ಇರುವುದಿಲ್ಲ. ರೋಮನ್ ಅಕ್ಷರಗಳ ಗೊಣಗಾಟವಷ್ಟೆ. ವಿಕಲಚೇತನರ ಹಕ್ಕುಗಳನ್ನು ಕುರಿತ ೨೦೧೬ರ ಕಾನೂನು, ಮಾಹಿತಿಯು ಎಲ್ಲರಿಗೂ ನಿಲುಕುವಂತಿರಬೇಕೆಂದು ಹೇಳುತ್ತದೆ. ಕಟ್ಟಡಕ್ಕೆ ಇಳಿಜಾರನ್ನು ಕಟ್ಟಿಸುವುದು ಹಣದ ಕೆಲಸ, ಸರ್ಕಾರ ಮಾಡಬೇಕು. ತಲೆಬರಹಕ್ಕೆ ಮಟ್ಟವನ್ನು ಕೊಡುವುದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. ಖರ್ಚಿಲ್ಲದ ಧರ್ಮವನ್ನೂ ಮಾಡದಿದ್ದರೆ ನಮ್ಮ ವಿದ್ಯೆಗೆ ಅರ್ಥವೇನು?

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನೂ ಪರಿಶೀಲಿಸೋಣ. ವರದಿಯನ್ನು ಕೊನೆಗೆ ಕಾಗದದ ಮೇಲೆ ಮುದ್ರಿಸಿ ಒಪ್ಪಿಸುತ್ತೇವಲ್ಲ, ಕಡತದ ಒಳಗು ಹೇಗಿದ್ದರೇನು ಎಂಬುದು ಮೊದಲನೆಯ ಆಕ್ಷೇಪಣೆ. ಕಾಗದದ ಪ್ರತಿ ಕಪಾಟು ಸೇರುತ್ತದೆ; ಮುಂದೆ ಅದನ್ನು ಬಯಸುವವನು ಕೇಳುವುದು ಕಡತವನ್ನೇ. ಪಿ.ಡಿ.ಎಫ್. ಮಾಡುವಾಗ ತಲೆಬರಹಗಳನ್ನು ಜೊತೆಗೆ ಒಯ್ಯುವಂತೆ ಸೂಚಿಸಿದರೆ ಅದರಲ್ಲಿಯೂ ಪಕ್ಕದ ಪಟ್ಟಿ ಬರುತ್ತದೆ. ಮೂಲದಲ್ಲಿಯೇ ಇಲ್ಲದಿದ್ದರೆ ಪಿ.ಡಿ.ಎಫಿನಲ್ಲಿ ಎಲ್ಲಿಂದ ಬಂದೀತು?

ನಮ್ಮಲ್ಲಿ ಅನೇಕರ ಬಳಿ ಗಣಕಯಂತ್ರವಿಲ್ಲ, ಮೊಬೈಲಿನಲ್ಲಿಯೇ ಬರೆಯುತ್ತೇವೆ ಎಂಬುದು ಎರಡನೆಯ ಆಕ್ಷೇಪಣೆ. ಇದು ನಿಜವಾದ ಕಷ್ಟ, ತಳ್ಳಿಹಾಕತಕ್ಕುದಲ್ಲ. ಆದರೆ ಮೊಬೈಲಿನ ಗೂಗಲ್ ಡಾಕ್ಸಿನಲ್ಲಿಯೂ ಆರು ಮಟ್ಟದ ತಲೆಬರಹಗಳಿವೆ. ಅಲ್ಲಿ ನಮ್ಮದೇ ಹೆಸರಿನ ಶೈಲಿಯನ್ನು ಮಾಡಲು ಬಾರದಿದ್ದರೂ ಮಟ್ಟವನ್ನು ಕೊಡಬಹುದು. ಮಟ್ಟವಿದ್ದರೆ, ಅದನ್ನು ಮುಂದೆ ಕಾಲೇಜಿನ ಯಂತ್ರದಲ್ಲಿ ತೆರೆದಾಗ ಹೆಸರನ್ನು ಸೇರಿಸುವುದು ಸುಲಭ. ಚಿಕ್ಕ ತೆರೆಯ ಮೇಲೆ ಬರೆಯುವವನಿಗೇ ಈ ಪಟ್ಟಿಯ ಉಪಯೋಗ ಹೆಚ್ಚೆಂಬುದನ್ನೂ ಮರೆಯಬಾರದು.

ಈಗ ಕೃತಕ ಬುದ್ಧಿಮತ್ತೆ ಬಂದಿದೆ, ತಲೆಬರಹ ಯಾವುದೆಂಬುದನ್ನು ಅದೇ ಊಹಿಸುತ್ತದೆ ಎಂಬುದು ಮೂರನೆಯ ಆಕ್ಷೇಪಣೆ. ಊಹಿಸಬಹುದು. ಆದರೆ ತನ್ನ ಬರವಣಿಗೆಯಲ್ಲಿ ಯಾವುದು ಮುಖ್ಯ, ಯಾವುದು ಅದರ ಅಂಗವೆಂಬುದನ್ನು ಲೇಖಕನೇ ಹೇಳದೆ ಇನ್ನೊಬ್ಬರ ಊಹೆಗೆ ಬಿಡುವುದು ಬರವಣಿಗೆಯ ಲಕ್ಷಣವಲ್ಲ. ಅಲ್ಲದೆ ಮಟ್ಟವನ್ನು ಕೊಡಲು ಕುಳಿತಾಗಲೇ ನಮ್ಮ ಆಲೋಚನೆಯ ಓರೆಕೋರೆಗಳು ತಿಳಿಯುತ್ತವೆ. ಗಣಿಯ ಮುಚ್ಚುಗಡೆಯು ಕಂಪನಿಯ ಇತಿಹಾಸದ ಒಂದು ಉಪಪ್ರಕರಣವೋ, ಅಥವಾ ತಾನೇ ಒಂದು ಅಧ್ಯಾಯವೋ? ಈ ಪ್ರಶ್ನೆಗೆ ಉತ್ತರ ಹೇಳುವವನು ಇತಿಹಾಸವನ್ನು ಕುರಿತು ಒಂದು ಅಭಿಪ್ರಾಯವನ್ನೇ ಹೇಳುತ್ತಿದ್ದಾನೆ. ಅದನ್ನು ಯಂತ್ರಕ್ಕೆ ವಹಿಸಿಕೊಡುವುದು ಹೇಗೆ ಸರಿ?

ಆದುದರಿಂದ ನಮ್ಮ ಕಾಲೇಜಿನಲ್ಲಿ ಆಗಬಹುದಾದ ಕೆಲವು ಕಾರ್ಯಗಳನ್ನು ಸೂಚಿಸಬಯಸುತ್ತೇನೆ. ಒಂದು: ಕನ್ನಡ ವರದಿಗಳಿಗಾಗಿ ಒಂದು ಮಾದರಿ ಕಡತವನ್ನು ಸಿದ್ಧಪಡಿಸಬೇಕು. ಅದರಲ್ಲಿ ಭಾಗ, ಅಧ್ಯಾಯ, ಪ್ರಕರಣ, ಉಪಪ್ರಕರಣ ಎಂಬ ನಾಲ್ಕು ಶೈಲಿಗಳೂ, ಅರಿಕೆ ಅನುಬಂಧಗಳಿಗಾಗಿ ಸಂಖ್ಯೆಯಿಲ್ಲದ ಒಂದು ಶೈಲಿಯೂ, ಅವುಗಳ ಮಟ್ಟಗಳೂ ಮೊದಲೇ ಗೊತ್ತಾಗಿರಲಿ. ಹಳಗನ್ನಡ, ನಡುಗನ್ನಡ ಪಠ್ಯಗಳಿಗೆ ಪರ್ವ, ಸಂಧಿ, ಆಶ್ವಾಸಗಳಿರುವ ಇನ್ನೊಂದು ಮಾದರಿಯಿರಲಿ. ಎರಡು: ಯೂನಿಕೋಡಿನಲ್ಲಿರುವ ಕಡತವನ್ನು ಮಾತ್ರ ಸ್ವೀಕರಿಸುವ ನಿಯಮವಾಗಲಿ. ಮೂರು: ವರದಿಯನ್ನು ತಿದ್ದುವ ಅಧ್ಯಾಪಕರು ಮೊದಲು ಪಕ್ಕದ ಪಟ್ಟಿಯನ್ನು ತೆರೆದು ನೋಡಲಿ. ಒಂದು ನಿಮಿಷದಲ್ಲಿ ವರದಿಯ ಅಸ್ಥಿಪಂಜರ ಅವರ ಕಣ್ಣಿಗೆ ಬೀಳುತ್ತದೆ. ಯಾವ ಅಧ್ಯಾಯ ಊದಿಕೊಂಡಿದೆ, ಯಾವುದು ಬಡವಾಗಿದೆಯೆಂಬುದು ಓದುವ ಮೊದಲೇ ತಿಳಿಯುತ್ತದೆ. ನಾಲ್ಕು: ಗ್ರಂಥಾಲಯದಲ್ಲಿ ಕಾಗದದ ಪ್ರತಿಯ ಜೊತೆಗೆ ಕಡತವನ್ನೂ ಇಡುವ ಏರ್ಪಾಡಾಗಲಿ. ಇದಾವುದಕ್ಕೂ ಮೇಲಿನವರ ಅಪ್ಪಣೆಯೂ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಒಂದು ಮಧ್ಯಾಹ್ನದ ಬಿಡುವೂ ಹತ್ತು ಜನರ ಉತ್ಸಾಹವೂ ಸಾಕು.

ಕೊನೆಯದಾಗಿ ಒಂದು ಮಾತು. ನಮ್ಮ ನಾಡಿನ ಗಣಿಗಳು ಮುಚ್ಚಿ ಕಾಲು ಶತಮಾನವಾಗುತ್ತ ಬಂದಿತು. ನೆಲದಡಿಯಲ್ಲಿ ದುಡಿದವರಿಗೆ ವಯಸ್ಸಾಗುತ್ತಿದೆ. ಅವರ ಮಾತನ್ನು ತಮಿಳಿನಲ್ಲಿಯೋ ತೆಲುಗಿನಲ್ಲಿಯೋ ಉರ್ದುವಿನಲ್ಲಿಯೋ ಕೇಳಿ ಕನ್ನಡದಲ್ಲಿ ಬರೆದಿಡಬಲ್ಲವರು ಈ ಊರಿನ ವಿದ್ಯಾರ್ಥಿಗಳಲ್ಲದೆ ಬೇರೆ ಯಾರಿದ್ದಾರೆ? ಆ ಕೆಲಸ ಆಗಬೇಕಾಗಿದೆ. ಆದರೆ ಬರೆದಿಟ್ಟರೆ ಮಾತ್ರ ಸಾಲದು. ಬರೆದುದು ಹುಡುಕಿದವರ ಕೈಗೆ ಸಿಕ್ಕಬೇಕು. ಗಣಿಯಲ್ಲಿ ಚಿನ್ನವಿದೆಯೆಂದು ತಿಳಿದರೆ ಸಾಲದು, ಯಾವ ಶಾಫ್ಟಿನಿಂದ ಎಷ್ಟನೆಯ ಮಟ್ಟಕ್ಕೆ ಇಳಿಯಬೇಕೆಂಬುದು ಗೊತ್ತಿರಬೇಕೆಂದು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬರವಣಿಗೆಯಲ್ಲಿಯೂ ಮಟ್ಟಗಳನ್ನು ಗುರುತು ಮಾಡುವ ಆ ಶಿಸ್ತನ್ನು ನಾವು ರೂಢಿಸಿಕೊಳ್ಳೋಣ. ಸಹಪಾಠಿ ಮಿತ್ರರು ಮುಂದಿನ ವರದಿಯನ್ನು ಒಪ್ಪಿಸುವ ಮೊದಲು ಒಮ್ಮೆ ಆ ಪಕ್ಕದ ಪಟ್ಟಿಯನ್ನು ತೆರೆದು ನೋಡಲೆಂದೂ, ಗುರುಗಳು ಅದನ್ನು ಕೇಳಿ ನೋಡಲೆಂದೂ ವಿನಂತಿಸಿ ಈ ಲೇಖನವನ್ನು ಮುಗಿಸುತ್ತೇನೆ.